ನಾಲ್ವರು ವಾದಕರು, ನಾಲ್ಕು ದಾರಿಗಳು: ಡೇವ್ ಬ್ರೂಬೆಕ್ ಕ್ವಾರ್ಟೆಟ್ ಕುರಿತ ಒಂದು ಸಮನ್ವಯ ಪಾಠ

ತರಗತಿ: 9
ವಿಷಯ: ಗಣಿತ ಮತ್ತು ಸಂಗೀತ
ಅವಧಿ: 40 ನಿಮಿಷ
ಬೋಧನೋಪಕರಣಗಳು: ಮೊಬೈಲ್, ಸಣ್ಣ ಸ್ಪೀಕರ್, ಪ್ರಪಂಚ ಭೂಪಟ, ನಾಲ್ಕು ಪರಿಚಯ ಕಾರ್ಡುಗಳು

ಪಾಠದ ಉದ್ದೇಶ

ಗುಂಪು ಚಟುವಟಿಕೆಗೆ ತಂಡ ಮಾಡುವಾಗ ನಾವು ಸಾಮಾನ್ಯವಾಗಿ ಅಂಕಗಳನ್ನು ನೋಡಿ, ಪ್ರತಿ ತಂಡಕ್ಕೂ ಒಬ್ಬ ಜಾಣ ವಿದ್ಯಾರ್ಥಿಯನ್ನು ಹಂಚುತ್ತೇವೆ. ಆ ಒಬ್ಬ ಬರೆಯುತ್ತಾನೆ, ಉಳಿದವರು ನೋಡಿಕೊಂಡು ಬರೆಯುತ್ತಾರೆ. ಉಳಿದವರಿಗೂ ಏನೋ ಒಂದು ಗೊತ್ತಿರುತ್ತದೆ, ಅದನ್ನು ಕೇಳುವವರಿಲ್ಲ. ಬೇರೆ ಬೇರೆ ಹಿನ್ನೆಲೆಯವರು ಒಂದೇ ಕೆಲಸಕ್ಕೆ ಕೂಡಿದರೆ ಏನಾಗುತ್ತದೆ ಎಂಬುದನ್ನು ಮಕ್ಕಳು ಕಿವಿಯಿಂದ ಕೇಳಿ, ಕೈಯಿಂದ ಎಣಿಸಿ ತಿಳಿಯಬೇಕೆಂಬುದು ಈ ಪಾಠದ ಉದ್ದೇಶ. ಜೊತೆಗೆ ಲಘುತಮ ಸಾಮಾನ್ಯ ಅಪವರ್ತ್ಯದ (ಲ.ಸಾ.ಅ.) ಪುನರಾವರ್ತನೆಯೂ ಆಗುತ್ತದೆ.

ಪೀಠಿಕೆ (5 ನಿಮಿಷ)

ಪೂರ್ವಜ್ಞಾನ ಪರೀಕ್ಷೆಗೆ ಮೂರು ಪ್ರಶ್ನೆಗಳು: ಆದಿತಾಳಕ್ಕೆ ಎಷ್ಟು ಅಕ್ಷರ? ‘ತಕಿಟ’ದಲ್ಲಿ ಎಷ್ಟು ಎಣಿಕೆ? ‘ತಕ’ದಲ್ಲಿ ಎಷ್ಟು? ಸಂಗೀತ ಕಲಿಯದ ಮಕ್ಕಳೂ ಕೊನೆಯ ಎರಡಕ್ಕೆ ಬಾಯಲ್ಲಿ ಹೇಳಿಕೊಂಡು ಉತ್ತರಿಸಬಲ್ಲರು. ನಂತರ ಜಾಝ್‌ನ ಕಿರುಪರಿಚಯ: ಅಮೆರಿಕದ ಆಫ್ರಿಕನ್ ಮೂಲದ ಜನರ ನಡುವೆ, ಮುಖ್ಯವಾಗಿ ನ್ಯೂ ಓರ್ಲಿಯನ್ಸ್ ನಗರದಲ್ಲಿ, 20ನೇ ಶತಮಾನದ ಆರಂಭದ ಹೊತ್ತಿಗೆ ರೂಪುಗೊಂಡ ಸಂಗೀತ ಇದು. ನಮ್ಮ ಕಛೇರಿಯ ಮನೋಧರ್ಮದಂತೆ ಇಲ್ಲಿಯೂ ವಾದಕರು ವೇದಿಕೆಯ ಮೇಲೆಯೇ ಹೊಸದನ್ನು ಕಟ್ಟುತ್ತಾ ಹೋಗುತ್ತಾರೆ. ಕ್ವಾರ್ಟೆಟ್ ಎಂದರೆ ನಾಲ್ವರ ತಂಡ.

ವಿಷಯ ಮಂಡನೆ (15 ನಿಮಿಷ)

ತರಗತಿಯನ್ನು ನಾಲ್ಕು ಗುಂಪು ಮಾಡಿ ಒಂದೊಂದಕ್ಕೆ ಒಂದು ಕಾರ್ಡು ಕೊಡುವುದು. ಪ್ರತಿ ಗುಂಪಿನಿಂದ ಒಬ್ಬರು ಎದ್ದು ‘ನಾನು’ ಎಂದೇ ಆ ವಾದಕರ ಪರಿಚಯ ಹೇಳಬೇಕು. ಕಾರ್ಡುಗಳ ಸಾರ ಹೀಗಿದೆ.

ಡೇವ್ ಬ್ರೂಬೆಕ್, ಪಿಯಾನೊ. 1920ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜನನ. ತಂದೆ ದನಗಳ ರಾಂಚ್ ನೋಡಿಕೊಳ್ಳುತ್ತಿದ್ದರು, ತಾಯಿ ಪಿಯಾನೊ ಶಿಕ್ಷಕಿ. ಪಶುವೈದ್ಯರಾಗಲೆಂದು ಕಾಲೇಜು ಸೇರಿ, ಸಂಗೀತ ವಿಭಾಗಕ್ಕೆ ಬದಲಾಯಿಸಿಕೊಂಡರು. ಬರೆದ ಸ್ವರಲಿಪಿಯನ್ನು ಓದಿ ನುಡಿಸಲು ಇವರಿಗೆ ಬರುವುದಿಲ್ಲವೆಂದು ಕಾಲೇಜಿಗೆ ತಿಳಿದಾಗ ಪದವಿಯೇ ಕೈತಪ್ಪುವಂತಾಯಿತು. ಪಿಯಾನೊ ಪಾಠ ಹೇಳಿಕೊಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ 1942ರಲ್ಲಿ ಪದವಿ ಸಿಕ್ಕಿತು. ಎರಡನೇ ಮಹಾಯುದ್ಧದ ನಂತರ ಫ್ರಾನ್ಸಿನ ಸಂಗೀತ ರಚನಕಾರ ದಾರಿಯುಸ್ ಮಿಯೋ ಅವರ ಬಳಿ ರಚನೆ ಕಲಿತರು. ಗುರುವಿನ ಮೇಲಿನ ಗೌರವದಿಂದ ಹಿರಿಯ ಮಗನಿಗೆ ಅವರ ಹೆಸರನ್ನೇ ಇಟ್ಟರು.

ಪಾಲ್ ಡೆಸ್ಮಂಡ್, ಆಲ್ಟೊ ಸ್ಯಾಕ್ಸೊಫೋನ್. 1924ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನನ. ಇವರ ತಂದೆ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದರು. ಮೊದಲು ಕಲಿತದ್ದು ಕ್ಲಾರಿನೆಟ್. ಬರಹಗಾರನಾಗುವ ಆಸೆಯಿತ್ತು, ಕಾಲೇಜಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯ.

ಜೋ ಮೊರೆಲ್ಲೊ, ಡ್ರಮ್ಸ್. 1928ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜನನ. ಹುಟ್ಟಿನಿಂದ ದೃಷ್ಟಿ ಮಂದ. ಬಾಲ್ಯದಲ್ಲಿ ಪಿಟೀಲು ಕಲಿತು ಎಳೆಯ ವಯಸ್ಸಿನಲ್ಲೇ ಬಾಸ್ಟನ್ ಸಿಂಫನಿ ವಾದ್ಯವೃಂದದೊಂದಿಗೆ ನುಡಿಸಿದವರು. ಹದಿಹರೆಯದಲ್ಲಿ ಪಿಟೀಲು ಬಿಟ್ಟು ಡ್ರಮ್ಸ್‌ಗೆ ಬಂದರು. 1956ರಲ್ಲಿ ತಂಡ ಸೇರಿದರು.

ಯೂಜೀನ್ ರೈಟ್, ಬಾಸ್. 1923ರಲ್ಲಿ ಶಿಕಾಗೊದಲ್ಲಿ ಜನನ. ಶಾಲೆಯಲ್ಲಿ ಊದುತ್ತಿದ್ದದ್ದು ಕಾರ್ನೆಟ್, ಬಾಸ್ ತಾವೇ ಕಲಿತದ್ದು. ಕೌಂಟ್ ಬೇಸಿ ಅವರ ದೊಡ್ಡ ತಂಡದಲ್ಲಿ ನುಡಿಸಿ ಪಳಗಿದ ಕೈ. 1958ರಲ್ಲಿ ಈ ತಂಡಕ್ಕೆ ಬಂದರು.

ನಾಲ್ವರ ಪರಿಚಯ ಮುಗಿದ ಮೇಲೆ ಭೂಪಟ ತೆರೆಯುವುದು. 1958ರಲ್ಲಿ ಅಮೆರಿಕ ಸರ್ಕಾರದ ಪರವಾಗಿ ಈ ತಂಡ ಪೋಲೆಂಡ್, ಟರ್ಕಿ, ಭಾರತ ಮೊದಲಾದ ದೇಶಗಳನ್ನು ಸುತ್ತಿತು. ಇಸ್ತಾಂಬುಲ್‌ನ ಬೀದಿ ವಾದಕರಿಂದ ಕೇಳಿದ ಒಂಬತ್ತು ಎಣಿಕೆಯ ಲಯ ಬ್ರೂಬೆಕ್ ಅವರ ‘ಬ್ಲೂ ರೊಂಡೊ ಆ ಲಾ ಟರ್ಕ್’ ಆಯಿತು. ಮೊರೆಲ್ಲೊ ಐದರ ಲಯದಲ್ಲಿ ಡ್ರಮ್ಸ್ ನುಡಿಸುತ್ತಿದ್ದರು. ಅದಕ್ಕೆ ಡೆಸ್ಮಂಡ್ ರಾಗದ ಎಳೆ ಕಟ್ಟಿದರು, ‘ಟೇಕ್ ಫೈವ್’ ಹುಟ್ಟಿತು. ಎರಡೂ 1959ರ ‘ಟೈಮ್ ಔಟ್’ ಆಲ್ಬಮ್‌ನಲ್ಲಿವೆ. ಆಗಿನ ಜಾಝ್ ಹೆಚ್ಚಾಗಿ ನಾಲ್ಕರ ಎಣಿಕೆಯಲ್ಲಿ ಸಾಗುತ್ತಿತ್ತು. ರೈಟ್ ಅವರ ಬಾಸ್ ಎಣಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದರಿಂದಲೇ ಉಳಿದವರಿಗೆ ಅದರ ಮೇಲೆ ಓಡಾಡಲು ಧೈರ್ಯ ಬಂದದ್ದು.

ಚಟುವಟಿಕೆ (12 ನಿಮಿಷ)

1. ‘ಟೇಕ್ ಫೈವ್’ ಕೇಳುತ್ತಾ ‘ತಕಿಟ ತಕ’ (3+2) ಎಂದು ಚಪ್ಪಾಳೆ. ನಮ್ಮ ಖಂಡಚಾಪು ಸಾಮಾನ್ಯವಾಗಿ ‘ತಕ ತಕಿಟ’ (2+3). ಮೊತ್ತ ಒಂದೇ, ನಡೆ ಬೇರೆ. ಏಕೆ ಬೇರೆ ಎನಿಸುತ್ತದೆಂದು ಮಕ್ಕಳೇ ಹೇಳಲಿ.

2. ‘ಬ್ಲೂ ರೊಂಡೊ’ದ ಆರಂಭಕ್ಕೆ ‘ತಕ ತಕ ತಕ ತಕಿಟ’ (2+2+2+3) ಮೂರು ಸಲ, ನಂತರ ‘ತಕಿಟ ತಕಿಟ ತಕಿಟ’ (3+3+3) ಒಂದು ಸಲ. ಒಟ್ಟು ಎಣಿಕೆ: 9×4=36.

3. ಅರ್ಧ ತರಗತಿ ನಾಲ್ಕಕ್ಕೊಂದು, ಉಳಿದರ್ಧ ಐದಕ್ಕೊಂದು ಚಪ್ಪಾಳೆ. ಎರಡೂ ಒಟ್ಟಿಗೆ ಬೀಳುವುದು ಪ್ರತಿ 20 ಎಣಿಕೆಗೊಮ್ಮೆ. ಲ.ಸಾ.ಅ. ಹಲಗೆಯ ಮೇಲೆ ಬರೆಯುವ ಮೊದಲೇ ಕೈಗೆ ಸಿಗುತ್ತದೆ.

ಚರ್ಚೆ (5 ನಿಮಿಷ)

ರೈಟ್ ಕಪ್ಪು ವರ್ಣೀಯರು, ಉಳಿದ ಮೂವರು ಬಿಳಿಯರು. 1960ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹಲವು ಕಾಲೇಜುಗಳು ರೈಟ್ ಬದಲಿಗೆ ಬಿಳಿಯ ವಾದಕರನ್ನು ಕರೆತರಲು ಕೇಳಿದವು. ಬ್ರೂಬೆಕ್ ಒಪ್ಪಲಿಲ್ಲ. ಆ ಪ್ರವಾಸದ ಹೆಚ್ಚಿನ ಕಛೇರಿಗಳು ರದ್ದಾದವು, ಬರಬೇಕಿದ್ದ ಹಣವೂ ಹೋಯಿತು. ಪ್ರಶ್ನೆ ಒಂದೇ: ‘ಬಾಸ್ ಯಾರು ನುಡಿಸಿದರೂ ಆಗುತ್ತದಲ್ಲ’ ಎಂದು ಬ್ರೂಬೆಕ್ ಒಪ್ಪಿಕೊಂಡಿದ್ದರೆ ಆ ತಂಡದಲ್ಲಿ ಏನು ಉಳಿಯುತ್ತಿತ್ತು? ಮಕ್ಕಳು ಮಾತಾಡಲಿ, ಶಿಕ್ಷಕರು ತೀರ್ಪು ಕೊಡುವುದು ಬೇಡ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು

ಬ್ರೂಬೆಕ್ ಅವರ ಕಥೆಯಿಂದ ‘ಓದಲು ಬಾರದಿದ್ದರೂ ನಡೆಯುತ್ತದೆ’ ಎಂಬ ಅರ್ಥ ಮಕ್ಕಳಿಗೆ ಹೋಗಬಾರದು. ಪದವಿಯ ನಂತರವೂ ಅವರು ಗುರುವನ್ನು ಹುಡುಕಿಕೊಂಡು ಹೋದರು ಎಂಬುದನ್ನು ಒತ್ತಿ ಹೇಳಬೇಕು. ಆದರೆ ಕಾಲೇಜು ಅಳೆದದ್ದು ಅವರ ಕಣ್ಣಿನ ಓದನ್ನು. ಕಿವಿಯ ಓದನ್ನು ಅಳೆಯಲು ಅದರ ಬಳಿ ಪರೀಕ್ಷೆ ಇರಲಿಲ್ಲ. ಹಲಗೆಯ ಅಕ್ಷರ ಕಾಣದ, ಪುಸ್ತಕ ತಡವರಿಸಿ ಓದುವ ಮಕ್ಕಳು ನಮ್ಮ ಬೋಧನಾಭ್ಯಾಸದ ತರಗತಿಗಳಲ್ಲೂ ಇರುತ್ತಾರೆ. ಮೌಲ್ಯಮಾಪನದ ಪಟ್ಟಿ ಮಾಡುವಾಗ ನಮ್ಮ ಕೈಯಲ್ಲಿರುವ ಅಳತೆಗೋಲು ಯಾವುದು ಎಂದು ಒಮ್ಮೆ ಕೇಳಿಕೊಳ್ಳಬೇಕು. ಚಪ್ಪಾಳೆಯ ಚಟುವಟಿಕೆಯಲ್ಲಿ ಮುಂದೆ ಬರುವ ಮಕ್ಕಳು ಲಿಖಿತ ಪರೀಕ್ಷೆಯಲ್ಲಿ ಮುಂದೆ ಇರುವವರೇ ಆಗಿರಬೇಕೆಂದಿಲ್ಲ. ಆ ಹೆಸರುಗಳನ್ನು ಗುರುತು ಹಾಕಿಕೊಳ್ಳಿ.

ಮೌಲ್ಯಮಾಪನ (3 ನಿಮಿಷ)

1. ‘ಟೇಕ್ ಫೈವ್’ ಹುಟ್ಟಲು ಇಬ್ಬರು ವಾದಕರು ಕೊಟ್ಟದ್ದೇನು?
2. 6 ಮತ್ತು 9 ಎಣಿಕೆಯ ಚಪ್ಪಾಳೆಗಳು ಎಷ್ಟನೇ ಎಣಿಕೆಗೆ ಸೇರುತ್ತವೆ?
3. ನಾಲ್ವರಲ್ಲಿ ಮೊದಲು ಕಲಿತ ವಾದ್ಯವನ್ನು ಬಿಟ್ಟು ಬೇರೆಯದಕ್ಕೆ ಬಂದವರು ಯಾರು ಯಾರು?

ಮನೆಗೆಲಸ

ನಿಮಗೆ ಚೆನ್ನಾಗಿ ಗೊತ್ತಿದ್ದು, ತರಗತಿಯಲ್ಲಿ ಇದುವರೆಗೆ ಯಾರೂ ಕೇಳದ ಒಂದು ವಿದ್ಯೆಯ ಬಗ್ಗೆ ಐದು ವಾಕ್ಯ ಬರೆದು ತನ್ನಿ. ಬರೆಯಲು ಕಷ್ಟವಾದವರು ಹೇಳಬಹುದು ಅಥವಾ ಮಾಡಿ ತೋರಿಸಬಹುದು. ಮುಂದಿನ ಗುಂಪು ಚಟುವಟಿಕೆಗೆ ತಂಡಗಳನ್ನು ಈ ಉತ್ತರಗಳನ್ನು ನೋಡಿ ಮಾಡಲಾಗುವುದು.