ಹತ್ತಿಕಟ್ಟಿಗೆಯಿಂದ ಇದ್ದಲಿಯ ಉಂಡೆ ಮಾಡುವ ಕ್ರಮ

ಸವದತ್ತಿ ಸೀಮೆಯ ಎರೆಭೂಮಿಯಲ್ಲಿ ಹತ್ತಿಯ ಕೊನೆಯ ಬಿಡಿಸಾಟ ಮುಗಿದೊಡನೆ ಗಿಡಗಳನ್ನು ಕಿತ್ತು, ಬದುವಿನಲ್ಲಿ ಒಟ್ಟಿ, ಬೆಂಕಿ ಹಚ್ಚುವದನ್ನು ಹಲವೆಡೆ ಕಾಣಬಹುದು. ಅದೇ ಒಕ್ಕಲಿಗನ ಹಿತ್ತಲಿನಲ್ಲಿ ಸಗಣಿಯನ್ನು ಕುಳ್ಳು ತಟ್ಟಿ ಒಣಗಿಸಿರುತ್ತಾರೆ. ಹೀಗೆ ಉರುವಲಾಗತಕ್ಕದ್ದು ಬದುವಿನಲ್ಲಿ ಬೂದಿಯಾಗಿ, ಗೊಬ್ಬರವಾಗತಕ್ಕದ್ದು ಒಲೆಗೆ ಹೋಗುವದು. ಕುಳ್ಳಿನ ಬೂದಿಯಲ್ಲಿ ಪೊಟ್ಯಾಶ್ ಮತ್ತು ರಂಜಕಗಳು ಉಳಿದರೂ ಸಾರಜನಕವು ಹೊಗೆಯೊಡನೆ ಹೊರಟುಹೋಗುವದು. ರೈತನು ಸಗಣಿಯನ್ನು ಸುಡುವದು ಅಜ್ಞಾನದಿಂದಲ್ಲ, ಕಟ್ಟಿಗೆಯ ಅಭಾವದಿಂದ ಎಂದು ಡಾ. ವೋಲ್ಕರ್ ಎಂಬ ರಸಾಯನಶಾಸ್ತ್ರಜ್ಞರು 1893ರ ತಮ್ಮ ವರದಿಯಲ್ಲಿಯೇ ತೋರಿಸಿದ್ದರು. 2016ರ ಉಜ್ವಲಾ ಯೋಜನೆಯಿಂದ ಗ್ಯಾಸು ಅನೇಕ ಮನೆಗಳಿಗೆ ಬಂದಿದೆ. ಆದರೂ ಸ್ನಾನದ ನೀರಿನ ಹಂಡೆಯ ಕೆಳಗೆ ಕುಳ್ಳು ಇನ್ನೂ ಉರಿಯುತ್ತಿದೆ.

ಹತ್ತಿಕಟ್ಟಿಗೆಯನ್ನು ಕಡಿದು ಒಟ್ಟಿಟ್ಟು ನೇರವಾಗಿ ಉರಿಸಲು ಸ್ಥಳವಿದ್ದವರು ಹಾಗೆಯೇ ಮಾಡುವದು ಮೇಲು. ಯಾಕಂದರೆ ಇದ್ದಲಿ ಮಾಡುವಾಗ ಕಟ್ಟಿಗೆಯ ಕಾವಿನಲ್ಲಿ ಅರ್ಧಕ್ಕಿಂತ ಹೆಚ್ಚು ನಷ್ಟವಾಗುವದು. ಬದುವಿನಲ್ಲಿ ವ್ಯರ್ಥವಾಗಿ ಸುಡುವ ರಾಶಿಗೇ ಈ ಕ್ರಮವು ತಕ್ಕದ್ದು. ಕಬ್ಬಿನ ರವದಿಯನ್ನು ಇದೇ ರೀತಿ ಉಪಯೋಗಿಸುವ ಬಗೆಯನ್ನು ಪುಣೆಯಲ್ಲಿ ಡಾ. ಆನಂದ ಕರ್ವೆಯವರ ಸಂಸ್ಥೆಯು ರೂಢಿಸಿ, 2002ರಲ್ಲಿ ಆಶ್ಡೆನ್ ಪಾರಿತೋಷಿಕವನ್ನು ಪಡೆಯಿತು. ಹತ್ತಿಯ ಕಟ್ಟಿಗೆಯನ್ನು ಬೇಗನೆ ವಿಲೇವಾರಿ ಮಾಡಿದರೆ, ಅದರಲ್ಲಿ ಉಳಿದ ಕಾಯಿಗಳೊಳಗಿನ ಗುಲಾಬಿ ಕಾಯಿಕೊರಕ ಹುಳುವೂ ನಾಶವಾಗುವದೆಂಬ ಬೇರೊಂದು ಲಾಭವುಂಟು.

ಬಣವೆಗಳಿಂದ ದೂರದಲ್ಲಿ, ಗಾಳಿಯಿಲ್ಲದ ಮುಂಜಾನೆ, ಬಾಯಿ 4 ಅಡಿ, ಆಳ 2½ ಅಡಿ ಇರುವ, ಕೆಳಗೆ ಕಿರಿದಾಗುವ ತಗ್ಗನ್ನು ತೋಡತಕ್ಕದ್ದು. ಚೆನ್ನಾಗಿ ಒಣಗಿದ ಕಟ್ಟಿಗೆಯನ್ನು ಎರಡಡಿ ಉದ್ದಕ್ಕೆ ತುಂಡರಿಸಿಕೊಂಡು ತಳದಲ್ಲಿ ಸ್ವಲ್ಪ ಉರಿ ಮಾಡಬೇಕು. ಕೆಂಡದ ಮೇಲೆ ಬಿಳಿ ಬೂದಿ ಕಾಣತೊಡಗಿದ ಕೂಡಲೆ ಮೇಲೊಂದು ತೆಳುವಾದ ಪದರು ಹಾಕಬೇಕು. ಮೇಲಿನ ಜ್ವಾಲೆಯು ಗಾಳಿಯನ್ನು ತಾನೇ ಹೀರಿಕೊಳ್ಳುವದರಿಂದ ಕೆಳಗಿನ ಇದ್ದಲಿ ಬೂದಿಯಾಗದು. ಹೊಗೆಯೂ ಜ್ವಾಲೆಯಲ್ಲಿಯೇ ಸುಟ್ಟುಹೋಗುವದು. ದಟ್ಟ ಹೊಗೆ ಎದ್ದರೆ ಕಟ್ಟಿಗೆ ಹಸಿಯಿದೆ, ಇಲ್ಲವೆ ಒಮ್ಮೆಲೇ ಬಹಳ ಹಾಕಲಾಗಿದೆ ಎಂದು ತಿಳಿಯಬೇಕು. ತಗ್ಗು ತುಂಬಿದ ಮೇಲೆ ಧಾರಾಳವಾಗಿ ನೀರು ಸುರಿದು, ಸಲಿಕೆಯಿಂದ ತಿರುವಿ, ಮತ್ತೊಮ್ಮೆ ಸುರಿಯತಕ್ಕದ್ದು. ಒಳಗೆ ಅಡಗಿದ ಒಂದು ಕೆಂಡವು ರಾತ್ರಿಯಲ್ಲಿ ಇಡೀ ರಾಶಿಯನ್ನು ಸುಡಬಲ್ಲದು. ನೂರು ಕಿಲೊ ಒಣ ಕಟ್ಟಿಗೆಗೆ ಸುಮಾರು 20 ಕಿಲೊ ಇದ್ದಲಿ ದೊರೆತರೆ ಕೆಲಸ ಚೆನ್ನಾಗಿ ಆಯಿತೆನ್ನಬೇಕು.

ಇದ್ದಲಿಯನ್ನು ಒಣಗಿಸಿ ತೂಗಿದ ಬಳಿಕ, ದೂಳೇಳದಂತೆ ತುಸು ನೀರು ಚಿಮುಕಿಸಿ ಕುಟ್ಟಿ ಪುಡಿ ಮಾಡಬೇಕು. ಒಂದು ಕಿಲೊ ಒಣ ಇದ್ದಲಿಗೆ 80ರಿಂದ 100 ಗ್ರಾಂ ಜೋಳದ ಹಿಟ್ಟನ್ನು ಹತ್ತರಷ್ಟು ನೀರಿನಲ್ಲಿ ಅಂಟು ಬರುವಂತೆ ಕುದಿಸಿ ಬೆರೆಸತಕ್ಕದ್ದು. ಇದಕ್ಕೆ ಹುಳು ಹಿಡಿದ, ಮುಗ್ಗಿದ ಹಿಟ್ಟು ಸಾಕು. ಉಣ್ಣುವ ಹಿಟ್ಟನ್ನು ಹಾಳುಮಾಡಬಾರದು. ಎರೆಮಣ್ಣಿನಿಂದಲೂ ಉಂಡೆ ಕಟ್ಟಬಹುದು, ಆದರೆ ಬೂದಿ ಹೆಚ್ಚಿ ಕಾವು ತಗ್ಗುವದು. ಪ್ಲಾಸ್ಟಿಕ್ಕಿನ ಚೂರುಗಳನ್ನು ಎಂದಿಗೂ ಸೇರಿಸಕೂಡದು. ದೊಡ್ಡ ನಿಂಬೆಹಣ್ಣಿನಷ್ಟು ಉಂಡೆಗಳನ್ನು ಬಿಗಿಯಾಗಿ ಕಟ್ಟಿ ಬಿಸಿಲಿನಲ್ಲಿ ನಾಲ್ಕೈದು ದಿನ ಒಣಗಿಸಬೇಕು. ಸೊಂಟದೆತ್ತರದಿಂದ ಬಿಟ್ಟಾಗ ಒಡೆಯದಿದ್ದರೆ ಉಂಡೆ ಸರಿಯಾಗಿದೆ. ಮಳೆಗಾಲದಲ್ಲಿ ಇವನ್ನು ನೆಲಕ್ಕೆ ತಾಗದಂತೆ ಅಟ್ಟದ ಮೇಲಿಡುವದು ಒಳ್ಳೆಯದು.

ಈ ಉಂಡೆಗಳಿಗೆ ಕೆಳಗಿನಿಂದ ಗಾಳಿ ಬೇಕು. ಸಾದಾ ಮಣ್ಣಿನ ಒಲೆಯಲ್ಲಿ ಅವು ಮಂಕಾಗಿ ನಂದುವವು. ಜಾಳಿಗೆಯುಳ್ಳ ಶೆಗಡಿಯಲ್ಲಿ, ಅಥವಾ ನೀರೊಲೆಯೊಳಗೆ ಕಬ್ಬಿಣದ ಸರಳುಗಳನ್ನು ಎತ್ತರಿಸಿಟ್ಟು ಉರಿಸತಕ್ಕದ್ದು.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಹೊಗೆ ಕಾಣದ ಕಾರಣ ಈ ಕೆಂಡವು ನಿರಪಾಯವೆಂದು ಹೆಣ್ಣುಮಕ್ಕಳು ನಂಬುವ ಸಂಭವವುಂಟು. ಉರಿಯುವ ಇದ್ದಲಿಯಿಂದ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹೊರಡುವದು. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳದೆಯೇ ಪ್ರಾಣ ಬಿಡಬಹುದು. ಬಾಣಂತಿಗೂ ಕೂಸಿಗೂ ಕಾವು ಬೇಕೆಂದು ಕದ ಕಿಟಕಿಗಳನ್ನು ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಡುವ ಪದ್ಧತಿಯಲ್ಲಿ ಈ ಅಪಾಯವು ಅತ್ಯಂತ ಹೆಚ್ಚು. ಅಂಥ ಕೋಣೆಯೊಳಗೆ ಈ ಉಂಡೆಗಳನ್ನು ಒಯ್ಯಲೇಕೂಡದು. ಹೊರಗೆ ನೀರು ಕಾಸಿ, ಆ ಬಿಸಿನೀರಿನ ಬಾಟಲಿಗೆ ಅರಿವೆ ಸುತ್ತಿ, ಮೈಗೆ ತಾಗದಂತೆ ಹಾಸಿಗೆಯಲ್ಲಿಟ್ಟು ಕಾವು ಕೊಡಬಹುದು. ತಲೆನೋವು, ಓಕರಿಕೆ, ತಲೆಸುತ್ತು ಕಂಡೊಡನೆ ಎಲ್ಲರನ್ನೂ ಬಯಲಿಗೆ ತಂದು ದವಾಖಾನೆಗೆ ಒಯ್ಯತಕ್ಕದ್ದು.

ಉಳಿದ ಬೂದಿಯನ್ನು ಹೊಲದ ಒಂದೇ ಕಡೆ ಸುರಿಯಬಾರದು. ಎರೆಭೂಮಿಯು ಮೊದಲೇ ಕ್ಷಾರಗುಣದ್ದು. ತಿಪ್ಪೆಯಲ್ಲಿ ಬೂದಿಯನ್ನು ಹಸಿ ಸಗಣಿಗೆ ತಾಗಿಸಿದರೆ ಸಾರಜನಕ ಹಾರಿಹೋಗುವದರಿಂದ, ಕಸಕಡ್ಡಿಯ ಪದರಿನ ಮೇಲೆ ತೆಳುವಾಗಿ ಹರಡಿ ಮಣ್ಣು ಮುಚ್ಚಬೇಕು.