ಡಬ್ಬಿ ಬೇರೆ, ಔಷಧ ಅದೇ

ಸ್ತನದ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಅಕ್ಕಲಕೋಟಕ್ಕೆ ಮರಳಿದ ನಮ್ಮ ಸೋದರತ್ತೆಗೆ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟಿದ್ದರು. ಐದು ವರ್ಷ ತಪ್ಪದೆ ನುಂಗಬೇಕು. ಸೊಲ್ಲಾಪುರದಿಂದ ತಂದ ಡಬ್ಬಿ ಮುಗಿದಾಗ ಊರಿನ ಅಂಗಡಿಯಲ್ಲಿ ಸಿಕ್ಕಿದ್ದು ಬೇರೆ ಬಣ್ಣದ್ದು. ‘ಇದು ನನ್ ಗುಳಿಗಿ ಅಲ್ಲ’ ಎಂದು ಅತ್ತೆ ಪಕ್ಕಕ್ಕಿಟ್ಟರು. ಎರಡೂ ಸ್ಟ್ರಿಪ್ ಬೆಳಕಿಗೆ ಹಿಡಿದು ನೋಡಿದೆ. ಕಂಪನಿ ಇಟ್ಟ ಹೆಸರು ಬೇರೆ ಬೇರೆ. ಒಳಗಿರುವುದು ಎರಡರಲ್ಲೂ ಲೆಟ್ರೋಜೋಲ್, 2.5 ಮಿಲಿಗ್ರಾಂ. ಅದನ್ನೇ ಕನ್ನಡದಲ್ಲಿ ದಪ್ಪಗೆ ಬರೆದು ಡಬ್ಬಿಗೆ ಅಂಟಿಸಿಕೊಟ್ಟೆ. ಇಲ್ಲವಾದರೆ ಒಂದೇ ಔಷಧವನ್ನು ಎರಡೆಂದು ತಿಳಿದು ದಿನಕ್ಕೆರಡು ನುಂಗುವ ಅಪಾಯವೂ ಇದೆ.

ಐದು ವರ್ಷವೆಂದರೆ 1,800ಕ್ಕೂ ಹೆಚ್ಚು ಗುಳಿಗೆ. ಒಂದಕ್ಕೆ 10 ರೂಪಾಯಿ ವ್ಯತ್ಯಾಸ ಬಿದ್ದರೂ 18 ಸಾವಿರ ದಾಟುತ್ತದೆ. ಬೆಲೆ ಕೇಳುವಾಗ ‘ಎಷ್ಟು ಡಿಸ್ಕೌಂಟ್’ ಎನ್ನಬೇಡಿ, ‘ಒಂದು ಗುಳಿಗೆಗೆ ಎಷ್ಟು ಬಿತ್ತು’ ಎನ್ನಿ. ಎಂಆರ್‌ಪಿಯನ್ನೇ ಏರಿಸಿಟ್ಟು ಅರ್ಧ ಬಿಟ್ಟುಕೊಟ್ಟರೆ ನಮಗೇನು ಉಳಿಯಿತು? ಬೆಲೆ ನಿಯಂತ್ರಣದ ಹೊರಗಿದ್ದ 42 ಕ್ಯಾನ್ಸರ್ ಔಷಧಗಳ ಮೇಲೆ ವ್ಯಾಪಾರದ ಲಾಭ ಶೇ 30 ಮೀರಕೂಡದೆಂದು 2019ರಲ್ಲಿ ಸರ್ಕಾರವೇ ಕಡಿವಾಣ ಹಾಕಬೇಕಾಯಿತು.

ಹೆಸರಿನ ಹಿಂದಿನ ಬೆಲೆ ಎಷ್ಟಿರಬಲ್ಲದು ಎನ್ನುವುದಕ್ಕೆ ಸೊರಾಫೆನಿಬ್ ಸಾಕು. ಯಕೃತ್ತು, ಮೂತ್ರಪಿಂಡದ ಕ್ಯಾನ್ಸರ್‌ಗೆ ಕೊಡುವ ಈ ಔಷಧವನ್ನು ಬೇಯರ್ ಕಂಪನಿ ನೆಕ್ಸಾವರ್ ಎಂಬ ಹೆಸರಲ್ಲಿ ಮಾರುತ್ತಿದ್ದಾಗ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ. 2012ರ ಮಾರ್ಚ್‌ನಲ್ಲಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ, ಬೇಯರ್‌ನ ಪೇಟೆಂಟ್ ಇದ್ದರೂ ತಯಾರಿಸಬಹುದೆಂಬ ಕಡ್ಡಾಯ ಪರವಾನಗಿ ಸಿಕ್ಕಿತು. ತಿಂಗಳಿಗೆ ಬೇಕಾದ ಅದೇ 120 ಗುಳಿಗೆಗೆ ನಿಗದಿಯಾದದ್ದು 8,880. ಹೊಲ ಮಾರಿ ಔಷಧ ತರುವ ಮನೆಗಳು ನಮ್ಮ ಗಡಿಭಾಗದಲ್ಲಿವೆ. ಅವರಿಗೆ ಈ ಲೆಕ್ಕ ಗೊತ್ತಿರಲೇಬೇಕು.

2018ರಿಂದ ಔಷಧದ ಮೂಲ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಚೀಟಿಯಲ್ಲೂ ಅದನ್ನು ಬರೆಸಿಕೊಳ್ಳಿ. ಜನೌಷಧಿ ಕೇಂದ್ರದಲ್ಲಿ ಆ ಹೆಸರು ಹೇಳಿಯೇ ಕೇಳಬೇಕು. ಹೆಸರಿನ ಜೊತೆ ಮಿಲಿಗ್ರಾಂ ಕೂಡ ಹೊಂದಬೇಕು: ರಕ್ತದ ಕ್ಯಾನ್ಸರ್‌ನ ಇಮ್ಯಾಟಿನಿಬ್ 100ರಲ್ಲೂ ಬರುತ್ತದೆ, 400ರಲ್ಲೂ ಬರುತ್ತದೆ.

ಕೆಲವು ಇಂಜೆಕ್ಷನ್‌ಗಳ ಮಾತು ಸ್ವಲ್ಪ ಬೇರೆ. ರೋಶ್ ಕಂಪನಿಯ ಹರ್ಸೆಪ್ಟಿನ್, ಬೆಂಗಳೂರಿನ ಬಯೋಕಾನ್ ರೂಪಿಸಿದ ಕ್ಯಾನ್‌ಮ್ಯಾಬ್ ಎರಡೂ ಸ್ತನದ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮ್ಯಾಬ್. ಆದರೆ ಇವು ಜೀವಕೋಶಗಳಲ್ಲಿ ತಯಾರಾಗುವ ಔಷಧ; ಒಂದು ಇನ್ನೊಂದಕ್ಕೆ ತೀರ ಹತ್ತಿರವೇ ಹೊರತು ಪಡಿಯಚ್ಚಲ್ಲ. ಯಾವುದು ಅಗ್ಗವೆಂದು ಸೊಲ್ಲಾಪುರದಲ್ಲಾಗಲಿ ಬಾರ್ಶಿಯಲ್ಲಾಗಲಿ ಚಿಕಿತ್ಸೆ ಕೊಡುವ ಡಾಕ್ಟರನ್ನೇ ನಾಚದೆ ಕೇಳಿ, ಮೊದಲ ಡೋಸಿಗೆ ಮುಂಚೆಯೇ. ನಡುವೆ ಬದಲಿಸುವುದಾದರೂ ಅವರು ಒಪ್ಪಿದ ಮೇಲೆಯೇ.