ಕವಣೆಯ ಗುರಿಯೂ ಗುಂಡಿನ ತೂಕವೂ

ಜೋಳದ ತೆನೆಯಲ್ಲಿ ಹಾಲು ತುಂಬಿತೆಂದರೆ ಗಿಳಿಗೂ ಗುಬ್ಬಿಗೂ ಸುಗ್ಗಿ. ಚಳಿಗಾಲದಲ್ಲಿ ಇವುಗಳ ಜೊತೆಗೆ ಮಧ್ಯ ಏಷ್ಯದ ಕಡೆಯಿಂದ ಗುಲಾಬಿ ಕಬ್ಬಕ್ಕಿಯ ಹಿಂಡೂ ಬಂದಿಳಿಯುತ್ತದೆ. ಹೊತ್ತು ಹುಟ್ಟಿದ ಮೇಲೆ ಎರಡು ತಾಸು, ಮುಳುಗುವ ಮುಂಚೆ ಎರಡು ತಾಸು ಕಾವಲಿಲ್ಲದಿದ್ದರೆ ಹೊಲದ ಅಂಚಿನ ಸಾಲುಗಳಲ್ಲಿ ಕಾಳಿಲ್ಲದ ತೆನೆಯೇ ಉಳಿಯುವುದು. ಡಿ. ಹಿರೇಹಾಳ್, ರಾಯದುರ್ಗದ ಸುತ್ತ ಶೇಂಗಾ ಹೆಚ್ಚಿ ಜೋಳ ಕಡಿಮೆಯಾಗಿದೆ. ಕಡಿಮೆಯಾದುದರಿಂದಲೇ ಇರುವ ನಾಲ್ಕು ಎಕರೆಯ ಮೇಲೆ ಊರ ಹಕ್ಕಿಯೆಲ್ಲ ಬೀಳುತ್ತದೆ.

ಇದಕ್ಕೆ ನಮ್ಮಲ್ಲಿರುವ ಹಳೆಯ ಆಯುಧ ಕವಣೆ. ತೆಲುಗಿನ ನೆರೆಯವರು ವಡಿಸೆಲ ಎನ್ನುತ್ತಾರೆ. 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿತು. ಆದರೆ ಗಡಿಯ ಎರಡು ಕಡೆಯೂ ಹಕ್ಕಿ ಅದೇ, ಕವಣೆ ಅದೇ, ಗುರಿ ತಪ್ಪುವುದೂ ಅದೇ. ತಪ್ಪಿದ ಕಲ್ಲು ಬರಿಯ ಜೋಳದಲ್ಲಿ ಬಿದ್ದರೆ ಚಿಂತೆಯಿಲ್ಲ. ಆಚೆಯ ಹೊಲದಲ್ಲಿ ಕಳೆ ಕೀಳುವವರ ತಲೆಗೆ ಬಿದ್ದರೆ ಏನು ಗತಿ? ಆದುದರಿಂದ ಕವಣೆಯ ಗುರಿಯನ್ನು ಕುರಿತು ಸ್ವಲ್ಪ ಶಾಸ್ತ್ರೀಯವಾಗಿ ಯೋಚಿಸುವುದು ಅಗತ್ಯ.

ಈ ವಿಚಾರದಲ್ಲಿ ನಾವು ಪಾಠ ಕಲಿಯಬಹುದಾದದ್ದು ಬಂದೂಕಿನವರಿಂದ. ಮೊದಲ ಮಹಾಯುದ್ಧದ ಕಾಲದ ಲೀ-ಎನ್‌ಫೀಲ್ಡ್ ರೈಫಲ್ಲುಗಳನ್ನು ಇಂದಿಗೂ ಇಟ್ಟುಕೊಂಡಿರುವ ಗುರಿಕಾರರು ಪರದೇಶಗಳಲ್ಲಿ ಇದ್ದಾರೆ. ನಳಿಗೆ ಸವೆದಿರುತ್ತದೆ, ಒಂದು ರೈಫಲ್ಲಿನಂತೆ ಇನ್ನೊಂದು ಇರುವುದಿಲ್ಲ. ಅವರು ಮಾಡುವುದೇನೆಂದರೆ, ಅಂಗಡಿಯ ತೋಟಾ ಬಿಟ್ಟು, ಮದ್ದನ್ನು ತೂಗಿ, ಒಂದೇ ತೂಕದ ಗುಂಡುಗಳನ್ನು ಆರಿಸಿ ತಾವೇ ತುಂಬಿಕೊಳ್ಳುತ್ತಾರೆ. ಐದು ಗುಂಡು ಹಾರಿಸಿ ಕಾಗದದ ಮೇಲಿನ ತೂತುಗಳನ್ನು ನೋಡಿ, ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸುತ್ತಾರೆ. ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಮೇರೆಗೆ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಮನೆಯಲ್ಲಿ ಮದ್ದು ಮುಟ್ಟುವುದು ಪ್ರಾಣಕ್ಕೂ ಅಪಾಯ. ಅವರ ಮದ್ದು ನಮಗೆ ಬೇಡ, ಅವರ ಕ್ರಮ ಬೇಕು. ಮಣ್ಣಿನ ಗುಂಡಿಗೆ ಯಾವ ಪರವಾನಗಿಯೂ ಬೇಡ.

ಬದುವಿನ ಮೇಲೆ ಸಿಕ್ಕಿದ ಕಲ್ಲನ್ನೇ ಬೀಸುವುದು ನಮ್ಮ ರೂಢಿ. ಭಾರದ ಕಲ್ಲು ಬೀಸಿನ ವೇಗವನ್ನು ತಗ್ಗಿಸುತ್ತದೆ. ಹಗುರದ ಕಲ್ಲು ಬೇಗ ಹೊರಟರೂ ಗಾಳಿಯ ತಡೆಗೆ ಬೇಗ ಸೋಲುತ್ತದೆ. ಚಪ್ಪಟೆ ಕಲ್ಲು ಹೊರಳಿ ಪಕ್ಕಕ್ಕೆ ಹಾರುತ್ತದೆ. ಕಣ್ಣಳತೆಯನ್ನು ನಂಬುವಂತೆಯೂ ಇಲ್ಲ. ಮೂರೂವರೆ ಸೆಂಟಿಮೀಟರ್ ಅಡ್ಡಳತೆಯ ಒಣಗಿದ ಮಣ್ಣಿನ ಗುಂಡು ಸುಮಾರು 40 ಗ್ರಾಂ ತೂಗಿದರೆ, ಅದೇ ಮಣ್ಣಿನ ನಾಲ್ಕು ಸೆಂಟಿಮೀಟರಿನ ಗುಂಡು 60 ಗ್ರಾಂ ತೂಗುತ್ತದೆ! ಅಡ್ಡಳತೆ ಹೆಚ್ಚಿದ್ದು ಅರ್ಧ ಸೆಂಟಿಮೀಟರ್, ತೂಕವಾದದ್ದು ಒಂದೂವರೆ ಪಾಲು. ಗೋಲದ ಘನಫಲವು ಅಡ್ಡಳತೆಯ ಘನದಂತೆ ಬೆಳೆಯುವುದೇ ಇದಕ್ಕೆ ಕಾರಣ. ಏಳನೆಯ ತರಗತಿಯ ಹುಡುಗನಿಂದ ಈ ಲೆಕ್ಕ ಮಾಡಿಸಿ ನೋಡಬಹುದು. (ಜೋಳ ಹಾಲುಗಾಳಾದ ವಾರಗಳಲ್ಲಿ ಆ ಹುಡುಗ ಶಾಲೆಯಲ್ಲಿರುವುದಿಲ್ಲ, ಹೊಲದ ಅಟ್ಟಣೆಯ ಮೇಲಿರುತ್ತಾನೆ, ಅದು ಹಾಜರಿ ಪುಸ್ತಕದ ಬೇರೆ ಕಥೆ.)

ಗುಂಡು ಮಾಡುವ ಬಗೆ ಸುಲಭ. ಬರಿಯ ಎರೆಮಣ್ಣು ಒಣಗುವಾಗ ಬಿರಿಯುತ್ತದೆ. ಎರಡು ಪಾಲು ಎರೆಗೆ ಒಂದು ಪಾಲು ಸಣ್ಣ ಮರಳು ಬೆರೆಸಿ ನಾದಬೇಕು. ಯಾವುದಾದರೂ ಚಿಕ್ಕ ಡಬ್ಬಿಯ ಮುಚ್ಚಳವನ್ನು ಅಳತೆಯಾಗಿಟ್ಟುಕೊಂಡು, ಮಣ್ಣನ್ನು ಒತ್ತಿ ತುಂಬಿ, ಮೇಲ್ಭಾಗವನ್ನು ಚಾಕುವಿನಿಂದ ಸವರಿ, ಅಷ್ಟನ್ನೇ ಒಂದು ಗುಂಡು ಮಾಡತಕ್ಕದ್ದು. ಇಡೀ ಮಣ್ಣನ್ನು ಒಂದೇ ಸಲ ಕಲಸಬೇಕು. ಹದ ಬೇರೆಯಾದರೆ ಒಣಗಿದ ಮೇಲೆ ತೂಕವೂ ಬೇರೆಯಾಗುತ್ತದೆ. ಎರಡು ಮೂರು ದಿನ ನೆರಳಿನಲ್ಲಿ, ಆಮೇಲೆ ಬಿಸಿಲಿನಲ್ಲಿ ಒಣಗಿಸಿರಿ. ಎರಡು ತೆಂಗಿನ ಚಿಪ್ಪು, ಒಂದು ಕೋಲು, ದಾರ ಇದ್ದರೆ ತಕ್ಕಡಿಯಾಯಿತು. ಒಂದು ಗುಂಡನ್ನು ಮಾದರಿಯಾಗಿಟ್ಟು, ಅದಕ್ಕೆ ಸರಿತೂಗದವನ್ನು ಮತ್ತೆ ನೀರಿಗೆ ಹಾಕಿಬಿಡಿ. ಗುಂಡನ್ನು ಸುಡಬಾರದು. ಹಸಿ ಗುಂಡು ನೆಲಕ್ಕೆ ಬಿದ್ದು ಒಡೆದು ಮಣ್ಣಿಗೆ ಮಣ್ಣಾಗುತ್ತದೆ. ಕುಡುಗೋಲಿನ ಬಾಯಿ ಕೆಡುವುದಿಲ್ಲ. ಇದು ಹೊಸ ಯುಕ್ತಿಯೇನೂ ಅಲ್ಲ. ಸಿರಿಯಾ ದೇಶದ ಹಮೂಕರ್‌ನಲ್ಲಿ 2005ರಲ್ಲಿ ಅಗೆದಾಗ ಐದು ಸಾವಿರ ವರ್ಷಕ್ಕೂ ಹಿಂದಿನ ಮಣ್ಣಿನ ಕವಣೆಗುಂಡುಗಳು ರಾಶಿರಾಶಿಯಾಗಿ ಸಿಕ್ಕವು. ಅಲ್ಲಿ ಅವನ್ನು ಬೀಸಿದ್ದು ಕೋಟೆಯ ಗೋಡೆಗೆ.

ಇನ್ನು ಪರೀಕ್ಷೆ. ಬೀಳು ನೆಲದಲ್ಲಿ ಒಂದು ಗೂಟ ನೆಟ್ಟು ಐವತ್ತು ಹೆಜ್ಜೆ ದೂರದಿಂದ ಹತ್ತು ಗುಂಡು ಬೀಸಿ, ಬಿದ್ದ ಕಡೆಯಲ್ಲೆಲ್ಲ ಕಡ್ಡಿ ಚುಚ್ಚಿರಿ. ಹತ್ತೂ ಒಂದೇ ಗುಂಪಾಗಿ ಎಡಕ್ಕೆ ಬಿದ್ದಿದ್ದರೆ ಗುಂಡಿನಲ್ಲಿ ದೋಷವಿಲ್ಲ. ಕೈ ಬಿಡುವ ಗಳಿಗೆಯನ್ನು ತಿದ್ದಿಕೊಳ್ಳಬೇಕು. ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಕವಣೆಯ ಎರಡು ಹುರಿಗಳನ್ನು ಅಳೆದು ನೋಡಿ. ಪುಂಡಿನಾರಿನ ಹುರಿ ಇಬ್ಬನಿಯಲ್ಲಿ ನೆನೆದರೆ ಅಳತೆ ಬದಲಾಗುತ್ತದೆ. ಬಗೆಬಗೆಯ ಕಲ್ಲು ಬೀಸುವವನಿಗೆ ತಪ್ಪಿದ್ದು ಕೈಯೋ ಕಲ್ಲೋ ತಿಳಿಯುವುದೇ ಇಲ್ಲ. ಹತ್ತು ವರ್ಷ ಬೀಸಿದರೂ ಅವನ ಗುರಿ ಅಷ್ಟೇ. ಒಂದೇ ತೂಕದ ಗುಂಡಿನ ನಿಜವಾದ ಲಾಭ ಇದು.

ಆದರೂ ಕೈಯ ತಪ್ಪು ಸಣ್ಣದಲ್ಲ. ತಲೆಯ ಮೇಲೆ ಅಡ್ಡ ಬೀಸುವವನ ಗುಂಡು ಸೆಕೆಂಡಿಗೆ 25 ಮೀಟರ್ ವೇಗದಿಂದ ಹೊರಡುತ್ತದೆ, ಹುರಿಯೂ ತೋಳೂ ಸೇರಿ ಒಂದೂಕಾಲು ಮೀಟರ್ ಎಂದಿಟ್ಟುಕೊಳ್ಳೋಣ. ಹುರಿ ಬಿಡುವುದು ಸೆಕೆಂಡಿನ ನೂರನೆಯ ಒಂದು ಪಾಲು ತಡವಾದರೆ ದಿಕ್ಕು ಸುಮಾರು 11 ಡಿಗ್ರಿ ತಿರುಗುತ್ತದೆ. 60 ಮೀಟರ್ ದೂರದಲ್ಲಿ ಇದು ಹನ್ನೆರಡು ಮೀಟರ್! ಹೀಗಿರುವಾಗ ದಾರಿಯ ಕಡೆಗೆ, ಕೆಲಸದವರಿರುವ ಕಡೆಗೆ, ವಿದ್ಯುತ್ ತಂತಿಯ ಕಡೆಗೆ ಬೀಸಲೇಬಾರದು. ಬೀಸುವವನ ಸುತ್ತ ಹತ್ತು ಹೆಜ್ಜೆಯೊಳಗೆ ಮಕ್ಕಳು ನಿಲ್ಲಕೂಡದು.

ಗುರಿ ಹಕ್ಕಿಯ ಮೇಲೂ ಅಲ್ಲ. ಗಿಳಿಯನ್ನು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಗುಲಾಬಿ ಕಬ್ಬಕ್ಕಿಯಾದರೋ ಮಿಡತೆಗಳನ್ನು ತಿಂದು ನಮಗೆ ಉಪಕಾರವನ್ನೂ ಮಾಡುತ್ತದೆ. ಹಿಂಡು ಇಳಿಯುವ ಮುಂಚೆಯೇ ತೆನೆಗಳಿಂದ ಎರಡಾಳು ಎತ್ತರಕ್ಕೆ ಗುಂಡು ಹಾಯಿಸಿದರೆ ಸಾಕು, ಹಿಂಡು ತಿರುಗುತ್ತದೆ. ಇಳಿದು ಕುಳಿತ ಮೇಲೆ ಎಬ್ಬಿಸುವುದು ಕಷ್ಟ. ಗುಂಡುಗಳನ್ನು ಅಟ್ಟಣೆಯ ಮೇಲೆ ಬುಟ್ಟಿಯಲ್ಲಿಟ್ಟು ರಾತ್ರಿ ಗೋಣಿ ಮುಚ್ಚಿರಿ. ಇಬ್ಬನಿ ಹೀರಿದ ಗುಂಡು ತೂಕ ಏರಿಸಿಕೊಂಡಿರುತ್ತದೆ, ಅದನ್ನು ಮಧ್ಯಾಹ್ನದ ಬಿಸಿಲಿಗೆ ಹರವಿ ಸಂಜೆಯ ಕಾವಲಿಗೆ ಬಳಸಬಹುದು.